ನಾಲ್ಕು ಪ್ಯಾಡ್‌ನ ಕಾರ್ನರ್ ಸ್ಕೇಲ್ ರಿವ್ಯೂ: ಒಟ್ಟು ಕೆಜಿ ಬಿಡಿ, ಯಾವ ಚಕ್ರದ ಮೇಲೆ ಎಷ್ಟಿದೆ ನೋಡಿ

ಮಾಡಿಫೈ ಮಾಡಿದ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರನ್ನು ತೂಕ ಎಷ್ಟು ಅಂತ ಕೇಳಿದರೆ ತಕ್ಷಣ ಒಂದು ಸಂಖ್ಯೆ ಹೇಳುತ್ತಾರೆ. ತೂಗಿದ್ದು ಎಲ್ಲಿ ಅಂತ ಕೇಳಿದರೆ ಮಾತ್ರ ಮಾತು ನಿಧಾನವಾಗುತ್ತದೆ. ಬ್ರೋಷರ್‌ನಲ್ಲಿದ್ದ ಕೆಜಿಯಿಂದ ಸೀಟಿಗೆ ಇಷ್ಟು, ಬ್ಯಾಟರಿಗೆ ಇಷ್ಟು, ಎಕ್ಸಾಸ್ಟ್‌ಗೆ ಇಷ್ಟು ಅಂತ ಕಳೆಯುತ್ತಾ ಹೋಗಿ ಬಂದ ಲೆಕ್ಕ ಅದು. ರೋಲ್ ಬಾರ್ (ಕಾರು ಮಗುಚಿದರೆ ತಲೆ ಕಾಯುವ ಉಕ್ಕಿನ ಕಮಾನು), ದೊಡ್ಡ ಬ್ರೇಕು, ಅಗಲದ ಟೈರು ಸೇರಿಸಿದ್ದನ್ನು ಅದೇ ಶ್ರದ್ಧೆಯಿಂದ ಕೂಡುವವರು ಕಡಿಮೆ. ಅದಕ್ಕೇ ನಾನು ವೈರ್‌ಲೆಸ್ ಕಾರ್ನರ್ ಸ್ಕೇಲ್ ಸೆಟ್ ತೆಗೆದುಕೊಂಡೆ. ಚಕ್ರಕ್ಕೊಂದರಂತೆ ಕೆಳಗಿಟ್ಟು ತೂಗುವ ನಾಲ್ಕು ಅಲ್ಯೂಮಿನಿಯಂ ಪ್ಯಾಡ್, ಜೊತೆಗೆ ಫೋನಿನ ಆ್ಯಪ್. ಸಾಕಷ್ಟು ಬಳಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ.

ಕಾರು ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5, 1.8 ಲೀಟರ್ ಎಂಜಿನ್, ಬಲಗಡೆ ಸ್ಟೀರಿಂಗ್. ಕಾಯಿಲ್‌ಓವರ್ ಸಸ್ಪೆನ್ಷನ್ (ಸ್ಪ್ರಿಂಗ್ ಕೂರುವ ಎತ್ತರವನ್ನು ತಿರುಗಿಸಿ ಬದಲಿಸಬಹುದಾದದ್ದು), ಎರಡು ಬಕೆಟ್ ಸೀಟು, ಲಿಥಿಯಂ ಬ್ಯಾಟರಿ, ಹಗುರ ವೀಲ್, ಬೇರೆ ಎಕ್ಸಾಸ್ಟ್, ರೋಲ್ ಬಾರ್, ದೊಡ್ಡ ಬ್ರೇಕ್ ಹಾಕಿದ್ದೇನೆ. ತೆಗೆದ ಮತ್ತು ಹಾಕಿದ ಒಂದೊಂದು ಭಾಗವನ್ನೂ ನೇತುಹಾಕುವ ತಕ್ಕಡಿಯಲ್ಲಿ ತೂಗಿ ಬರೆದಿಟ್ಟಿದ್ದೆ. ಕಳೆದದ್ದು 33 ಕೆಜಿ, ಸೇರಿದ್ದು 24 ಕೆಜಿ. ಅಂದರೆ ಅಷ್ಟೆಲ್ಲ ಕೆಲಸದ ನಂತರ ಇಳಿದದ್ದು ಬರೀ 9 ಕೆಜಿ! ಇದರಿಂದ ನನಗೆ ಬೇಜಾರೇನೂ ಆಗಲಿಲ್ಲ, ಯಾಕೆಂದರೆ ರೋಲ್ ಬಾರ್ ಇರುವುದು ತಲೆ ಉಳಿಸಲು, ಅದರ ತೂಕ ಹೊರಲೇಬೇಕು.

ಮೊದಲು ಸೆಟ್ ಬಗ್ಗೆ. ಪ್ರತಿ ಪ್ಯಾಡಿನ ಒಳಗೆ ಮೂಲೆಗೊಂದರಂತೆ ಲೋಡ್ ಸೆಲ್ ಇವೆ. ಭಾರ ಬಿದ್ದಾಗ ಅದರ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಮೇಲೆ ಅಂಟಿಸಿದ ಸ್ಟ್ರೇನ್ ಗೇಜ್‌ನ ರೆಸಿಸ್ಟೆನ್ಸ್ ಬದಲಾಗುತ್ತದೆ, ಅದನ್ನೇ ಕೆಜಿ ಮಾಡಿ ಆ್ಯಪ್ ತೋರಿಸುತ್ತದೆ. ಕಾರು ಹತ್ತಿಸುವ ಮುಂಚೆ ನಾನು ಮಾಡಿದ ಪರೀಕ್ಷೆ ತುಂಬಾ ಸರಳ. ಒಂದೇ ಡಂಬೆಲ್ ಪ್ಲೇಟ್‌ಗಳ ಗುಡ್ಡೆಯನ್ನು ಪ್ಯಾಡಿನ ನಡುವೆ ಇಟ್ಟೆ, ಆಮೇಲೆ ಒಂದೊಂದು ಮೂಲೆಗೆ ಸರಿಸಿದೆ, ಆಮೇಲೆ ಮುಂದಿನ ಪ್ಯಾಡಿಗೆ ಹೋದೆ. ಮೂಲೆಗೆ ಸರಿಸಿದಾಗ ಓದು ಅರ್ಧ ಕೆಜಿಗಿಂತ ಜಾಸ್ತಿ ಅಲುಗಲಿಲ್ಲ. ಇದು ಒಳ್ಳೆಯ ಲಕ್ಷಣ, ಯಾಕೆಂದರೆ ನಿಜವಾದ ಕೆಲಸದಲ್ಲಿ ಟೈರು ಯಾವತ್ತೂ ಪ್ಯಾಡಿನ ನಟ್ಟನಡುವೆ ಬಂದು ಕೂರುವುದಿಲ್ಲ. ಕಾರನ್ನು ವೇಬ್ರಿಡ್ಜ್‌ಗೂ ಒಯ್ದು ನೋಡಿದೆ. ಅಲ್ಲಿ 1000 ಕೆಜಿ ಬಂತು, ಈ ಪ್ಯಾಡುಗಳ ಮೊತ್ತ 998. ಆ ವೇಬ್ರಿಡ್ಜ್ ಓದುವುದೇ 10 ಕೆಜಿಯ ಹೆಜ್ಜೆಯಲ್ಲಿ, ಆದ್ದರಿಂದ ಎರಡೂ ಒಂದೇ ಮಾತು ಹೇಳುತ್ತಿವೆ ಅಂತ ಅರ್ಥ.

ಆ್ಯಪ್ ಬಗ್ಗೆ ಅಷ್ಟು ಖುಷಿಯಿಂದ ಹೇಳಲಾರೆ. ಚಳಿಯ ಬೆಳಗ್ಗೆ ಪ್ಯಾಡ್ ಆನ್ ಮಾಡಿದ ಕೂಡಲೇ ಝೀರೋ ಒತ್ತಿದರೆ ಸ್ವಲ್ಪ ಹೊತ್ತಿಗೆ ಅದು ತಾನಾಗಿ ಜರುಗಿರುತ್ತದೆ. ಪ್ಯಾಡುಗಳನ್ನು ಕಾಲು ಗಂಟೆ ಸುಮ್ನೆ ಆನ್‌ನಲ್ಲಿ ಬಿಟ್ಟು ಆಮೇಲೆ ಝೀರೋ ಮಾಡಿದರೆ ಈ ತೊಂದರೆ ಇಲ್ಲ, ಆದರೆ ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಇನ್ನೊಂದು, ಹಳೆಯ ಓದನ್ನು ಸೇವ್ ಮಾಡುವಾಗ ಟಿಪ್ಪಣಿ ಬರೆಯಲು ಜಾಗವೇ ಕೊಟ್ಟಿಲ್ಲ. ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇತ್ತು, ಸೀಟಿನಲ್ಲಿ ಯಾರಿದ್ದರು ಅಂತ ಬರೆದಿಡದ ತೂಕದಿಂದ ಏನು ಉಪಯೋಗ ಹೇಳಿ? ನಾನು ಪುಸ್ತಕದಲ್ಲೇ ಬರೆದುಕೊಳ್ಳುತ್ತೇನೆ.

ಪೆಟ್ರೋಲ್ ಮಾತು ಬಂತಲ್ಲ, ಅಲ್ಲೇ ಸ್ವಲ್ಪ ನಿಲ್ಲೋಣ. ಒಂದು ಲೀಟರ್ ಪೆಟ್ರೋಲ್ ಸುಮಾರು ಮುಕ್ಕಾಲು ಕೆಜಿ. ಈ ಕಾರಿನ ಟ್ಯಾಂಕು 48 ಲೀಟರ್, ಅಂದರೆ ತುಂಬಿದರೆ 36 ಕೆಜಿ. ತುಂಬಿದ ಟ್ಯಾಂಕಿಗೂ ಕಾಲು ಟ್ಯಾಂಕಿಗೂ 27 ಕೆಜಿ ಅಂತರ. ಸೀಟು, ಬ್ಯಾಟರಿ, ವೀಲ್ ಎಲ್ಲ ಬದಲಿಸಿ ನಾನು ಉಳಿಸಿದ್ದರ ಮೂರು ಪಟ್ಟು! ಹೀಗಿರುವಾಗ ಇಬ್ಬರು ತಮ್ಮ ಕಾರುಗಳ ತೂಕ ಹೋಲಿಸಿ ವಾದ ಮಾಡುವುದರಲ್ಲಿ ಹುರುಳಿಲ್ಲ, ಟ್ಯಾಂಕಿನ ಮಟ್ಟ ಒಂದೇ ಇದ್ದರೆ ಮಾತ್ರ ಆ ಮಾತು. ಕಂಪನಿಗಳ ಸಂಖ್ಯೆಯದ್ದೂ ಇದೇ ಕಥೆ. ಜರ್ಮನಿಯ ಡಿಐಎನ್ ಎಂಬ ಮಾನದಂಡದ ಲೆಕ್ಕದಲ್ಲಿ ಚಾಲಕನನ್ನು ಸೇರಿಸುವುದಿಲ್ಲ, ಯುರೋಪಿಯನ್ ಒಕ್ಕೂಟದ ಲೆಕ್ಕದಲ್ಲಿ 75 ಕೆಜಿ ಚಾಲಕನಿಗೆ ಅಂತಲೇ ಸೇರಿಸುತ್ತಾರೆ, ಇನ್ನು ಡ್ರೈ ವೇಟ್ ಅಂತ ಪ್ರಚಾರ ಮಾಡುವ ಸಂಖ್ಯೆಯಲ್ಲಿ ಪೆಟ್ರೋಲ್, ಆಯಿಲ್, ಕೂಲೆಂಟ್ ಯಾವುದೂ ಇಲ್ಲದಿರಬಹುದು. ಒಂದೇ ಕಾರು, ಮೂರು ತೂಕ. ಬ್ರೋಷರ್ ಸುಳ್ಳು ಹೇಳಿದೆ ಅಂತ ಸಿಟ್ಟಾಗುವ ಮುಂಚೆ ಯಾವ ಲೆಕ್ಕ ಅಂತ ನೋಡಬೇಕು.

ಈಗ ಈ ಸೆಟ್ ಕೊಂಡದ್ದಕ್ಕೆ ನಿಜವಾದ ಕಾರಣ. ಒಟ್ಟು ತೂಕ ಮಾತ್ರ ಬೇಕಿದ್ದರೆ ವೇಬ್ರಿಡ್ಜ್ ಸಾಕು. ನನ್ನ ಕಾರು ಬಲಕ್ಕೆ ತಿರುಗಿಸುವಾಗ ಮೂತಿ ಹೊರಕ್ಕೆ ಜಾರುತ್ತಿತ್ತು, ಎಡಕ್ಕೆ ತಿರುಗಿಸುವಾಗ ಹಿಂಭಾಗ ಸಡಿಲವಾಗುತ್ತಿತ್ತು. ಅಲೈನ್‌ಮೆಂಟ್ ಸರಿ ಇತ್ತು, ಟೈರು ಹೊಸದು, ಗಾಳಿಯೂ ಸರಿ. ಕಾಲು ಟ್ಯಾಂಕ್ ಪೆಟ್ರೋಲ್ ಇಟ್ಟು, ಚಾಲಕನ ಸೀಟಿನಲ್ಲಿ 72 ಕೆಜಿ ಭಾರ ಕೂರಿಸಿ ತೂಗಿದೆ. ಮುಂದಿನ ಎಡ 275, ಮುಂದಿನ ಬಲ 277, ಹಿಂದಿನ ಎಡ 242, ಹಿಂದಿನ ಬಲ 276. ಒಟ್ಟು 1070. ಮುಂದೆ 51.6 ಶೇಕಡಾ, ನೋಡಲು ಚೆನ್ನಾಗಿಯೇ ಇದೆ. ಆದರೆ ಅಡ್ಡಡ್ಡ ಕೂಡಿ ನೋಡಿ: ಮುಂದಿನ ಬಲ ಮತ್ತು ಹಿಂದಿನ ಎಡ ಸೇರಿದರೆ 519, ಅಂದರೆ 48.5 ಶೇಕಡಾ. ಇನ್ನೊಂದು ಜೋಡಿ 551. ಒಂದು ಕಾಲು ಗಿಡ್ಡ ಇರುವ ಮೇಜಿನ ಸ್ಥಿತಿ ಇದು. ಬಲ ತಿರುವಿನಲ್ಲಿ ಹೊರಗಿನ ಮುಂಚಕ್ರ ಅಂದರೆ ಮುಂದಿನ ಎಡ, ಅದಕ್ಕೆ ಪಾಲಿಗಿಂತ ಜಾಸ್ತಿ ಹೊರೆ ಬಿದ್ದು ಮೂತಿ ಹೊರಗೆ ಹೋಗುತ್ತಿತ್ತು. ಎಡ ತಿರುವಿನಲ್ಲಿ ಅದೇ ತಿರುಗಾಮುರುಗಾ.

ಕಾಯಿಲ್‌ಓವರ್‌ನ ಸ್ಪ್ರಿಂಗ್ ಪರ್ಚ್ (ಸ್ಪ್ರಿಂಗ್ ಕೂರುವ ತಿರುಪಿನ ಬಳೆ) ತಿರುಗಿಸಿ ಇದನ್ನು ಸರಿ ಮಾಡಬಹುದು. ಒಂದು ಮೂಲೆಯ ಪರ್ಚ್ ಏರಿಸಿದರೆ ಆ ಚಕ್ರದ ಮೇಲೂ ಅದಕ್ಕೆ ಓರೆಯಾಗಿ ಎದುರಿಗಿರುವ ಮೂಲೆಯ ಚಕ್ರದ ಮೇಲೂ ಭಾರ ಏರುತ್ತದೆ, ಉಳಿದ ಎರಡರ ಮೇಲೆ ಇಳಿಯುತ್ತದೆ. ಒಂದೇ ಮೂಲೆಯಲ್ಲಿ ಪೂರಾ ತಿರುಗಿಸಿದರೆ ಕಾರಿನ ಎತ್ತರ ಕೆಡುತ್ತದೆ, ಹಾಗಾಗಿ ಮುಂದಿನ ಬಲ ಮತ್ತು ಹಿಂದಿನ ಎಡವನ್ನು ಸ್ವಲ್ಪ ಏರಿಸಿದೆ, ಉಳಿದೆರಡನ್ನು ಅಷ್ಟೇ ಇಳಿಸಿದೆ. ಕೊನೆಗೆ ಬಂದದ್ದು: ಮುಂದಿನ ಎಡ 267, ಮುಂದಿನ ಬಲ 285, ಹಿಂದಿನ ಎಡ 250, ಹಿಂದಿನ ಬಲ 268. ಅಡ್ಡ ಜೋಡಿಗಳು 535ಕ್ಕೆ 535. ಇಲ್ಲೊಂದು ಸಂಗತಿ ಗಮನಿಸಿ. ಮುಂದಿನ ಎರಡರ ಮೊತ್ತ ಮೊದಲೂ 552, ಈಗಲೂ 552. ಎಡಗಡೆಯದ್ದು ಮೊದಲೂ 517, ಈಗಲೂ 517. ಸ್ಪ್ರಿಂಗ್ ತಿರುಗಿಸಿ ಹಿಂದೆಮುಂದೆ, ಎಡಬಲ ಭಾರ ಬದಲಿಸಲು ಆಗುವುದೇ ಇಲ್ಲ. ಅದಕ್ಕೆ ವಸ್ತುವನ್ನೇ ಎತ್ತಿ ಬೇರೆ ಕಡೆ ಇಡಬೇಕು. ಕಾಯಿಲ್‌ಓವರ್ ಹಾಕಿಸಿದರೆ ವೇಟ್ ಡಿಸ್ಟ್ರಿಬ್ಯೂಷನ್ ಸರಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ಈ ನಾಲ್ಕು ಸಂಖ್ಯೆ ತೋರಿಸಿ. ಈಗ ಎರಡೂ ಕಡೆಯ ತಿರುವಿನಲ್ಲಿ ಕಾರು ಒಂದೇ ರೀತಿ ನಡೆದುಕೊಳ್ಳುತ್ತದೆ. ಈ ಬದಲಾವಣೆ ಸ್ಟೀರಿಂಗ್ ಹಿಡಿದ ಕೈಗೆ ಮೊದಲ ತಿರುವಿನಲ್ಲೇ ಗೊತ್ತಾಗುವಷ್ಟು ಸ್ಪಷ್ಟ. ಯಾವ ಹಗುರ ಭಾಗವೂ ನನಗೆ ಇಷ್ಟು ಕೊಟ್ಟಿಲ್ಲ.

ಚಾಲಕನ ಭಾರ ಯಾಕೆ ಕೂರಿಸಬೇಕು ಅಂತ ಕೇಳಬಹುದು. ಖಾಲಿ ಕಾರು 998, 72 ಕೆಜಿಯ ಒಬ್ಬರು ಕೂತರೆ ಶೇಕಡಾ 7ರಷ್ಟು ಏರುತ್ತದೆ, ಅದೂ ಒಂದೇ ಪಕ್ಕಕ್ಕೆ. ಖಾಲಿ ಇದ್ದಾಗ ನನ್ನ ಕಾರಿನ ಎಡಬಲ ಸರಿಯಾಗಿ ಅರ್ಧರ್ಧ ಇತ್ತು, ಭಾರ ಕೂರಿಸಿದ ಮೇಲೆ ಬಲಗಡೆ 36 ಕೆಜಿ ಜಾಸ್ತಿ ಆಯಿತು. ಕಾರು ತನ್ನಷ್ಟಕ್ಕೆ ತಾನೇ ಓಡುವುದಿಲ್ಲ ಅಲ್ವಾ, ಹಾಗಾಗಿ ಖಾಲಿ ಕಾರನ್ನು ಸಮ ಮಾಡಿ ಪ್ರಯೋಜನ ಇಲ್ಲ. ಈ ಮಾದರಿಯಲ್ಲಿ ಬ್ಯಾಟರಿ ಇರುವುದು ಡಿಕ್ಕಿಯ ಬಲಭಾಗದಲ್ಲಿ. ಅಂದರೆ ಲಿಥಿಯಂ ಬ್ಯಾಟರಿಯಿಂದ ಕಡಿಮೆಯಾದ 8 ಕೆಜಿ ಚಾಲಕನ ಕಡೆಯೇ ಕಡಿಮೆಯಾಯಿತು. ಅದೇ 8 ಕೆಜಿ ಎಡಗಡೆ ಕಡಿಮೆಯಾಗಿದ್ದರೆ ಒಟ್ಟು ತೂಕ ಅಷ್ಟೇ ಇರುತ್ತಿತ್ತು, ಎಡಬಲ ಅಂತರ ಮಾತ್ರ ಇನ್ನೂ ಹೆಚ್ಚುತ್ತಿತ್ತು.

ಸೆಟ್ ಎಷ್ಟೇ ಚೆನ್ನಾಗಿದ್ದರೂ ನೆಲ ಸರಿ ಇಲ್ಲದಿದ್ದರೆ ಎಲ್ಲಾ ವ್ಯರ್ಥ. ಡಬ್ಬದಲ್ಲಿ ಪ್ಯಾಡ್ ಲೆವೆಲ್ ಮಾಡಲು ಏನೂ ಕೊಡುವುದಿಲ್ಲ, ಇದು ನನ್ನ ದೊಡ್ಡ ದೂರು. ಗ್ಯಾರೇಜಿನ ನೆಲವನ್ನು ನೀರು ಹರಿಯಲಿ ಅಂತ ಇಳಿಜಾರಾಗಿಯೇ ಮಾಡಿರುತ್ತಾರೆ. ಇಡೀ ನೆಲ ಒಂದೇ ಕಡೆ ಸ್ವಲ್ಪ ವಾಲಿದ್ದರೆ ಅಷ್ಟು ಕೆಡುಕಿಲ್ಲ, ಆದರೆ ನಾಲ್ಕರಲ್ಲಿ ಒಂದು ಪ್ಯಾಡ್ ಮಾತ್ರ ಎದ್ದಿದ್ದರೆ ಅಡ್ಡ ಜೋಡಿಯ ಲೆಕ್ಕ ಪೂರ್ತಿ ತಪ್ಪುತ್ತದೆ. ಚಕ್ರದ ಬಳಿ ಸ್ಪ್ರಿಂಗ್ ಬಿಗಿತ ಮಿಲಿಮೀಟರಿಗೆ 3 ಕೆಜಿಯಷ್ಟಿದ್ದರೆ, ಒಂದು ಪ್ಯಾಡ್ 3 ಮಿಲಿಮೀಟರ್ ಎತ್ತರ ಇದ್ದರೂ ಪ್ರತಿ ಚಕ್ರದ ಓದಿನಲ್ಲಿ 2 ಕೆಜಿಗೂ ಮೇಲೆ ವ್ಯತ್ಯಾಸ ಬರುತ್ತದೆ. ಸ್ಪ್ರಿಂಗ್ ಬಿಗಿ ಆದಷ್ಟೂ ಇದು ಜಾಸ್ತಿ. ನಾನು ಗಾರೆ ಕೆಲಸದವರು ಬಳಸುವ ನೀರಿನ ಪೈಪಿನ ಲೆವೆಲ್‌ನಿಂದ ನಾಲ್ಕೂ ಜಾಗ ಅಳೆದು, ತಗ್ಗಿದ್ದ ಕಡೆ ತೆಳು ಅಲ್ಯೂಮಿನಿಯಂ ತಗಡು ಹಾಕಿ, ನೆಲದ ಮೇಲೆ ಪೇಂಟಿನಿಂದ ಗುರುತು ಮಾಡಿಟ್ಟಿದ್ದೇನೆ. ತೂಗುವಾಗ, ಎಡಬಲ ಚಕ್ರಗಳನ್ನು ಜೋಡಿಸಿ ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಆ್ಯಂಟಿ ರೋಲ್ ಬಾರ್‌ನ ಒಂದು ಲಿಂಕ್ ಬಿಚ್ಚಿರಬೇಕು. ಜ್ಯಾಕ್‌ನಿಂದ ಇಳಿಸಿದ ತಕ್ಷಣ ಓದಬೇಡಿ, ಟೈರುಗಳು ಅಡ್ಡಕ್ಕೆ ಬಿಗಿ ಹಿಡಿದಿರುತ್ತವೆ. ಕಾರನ್ನು ಒಮ್ಮೆ ಹಿಂದೆ ಮುಂದೆ ಉರುಳಿಸಿ, ಮೇಲಿಂದ ಒತ್ತಿ ಬಿಟ್ಟು, ಆಮೇಲೆ ಓದಿ.

ಹೀಗೆ ಉರುಳಿಸಲು ಪ್ಯಾಡಿನ ಪಕ್ಕದಲ್ಲಿಡುವ, ಅಷ್ಟೇ ಎತ್ತರದ ಹಲಗೆ ಬೇಕು. ಅದನ್ನೂ ಬೇರೆಯಾಗಿ ಕೊಳ್ಳಬೇಕು ಅಥವಾ ಪ್ಲೈವುಡ್‌ನಲ್ಲಿ ಮಾಡಿಕೊಳ್ಳಬೇಕು.

ಆ್ಯಪ್‌ನಲ್ಲಿ ಗುರುತ್ವ ಕೇಂದ್ರದ ಎತ್ತರ ಕಂಡುಹಿಡಿಯುವ ಸೌಲಭ್ಯವೂ ಇದೆ. ಹಿಂಭಾಗ ಎತ್ತಿ ನಿಲ್ಲಿಸಿದರೆ ಮುಂದಿನ ಚಕ್ರಗಳ ಮೇಲೆ ಭಾರ ಎಷ್ಟು ಏರಿತು ಎಂಬುದರಿಂದ ಎತ್ತರದ ಲೆಕ್ಕ ಬರುತ್ತದೆ. ಸಿದ್ಧಾಂತ ಸರಿಯಾಗಿದೆ. ಆದರೆ 2265 ಮಿಲಿಮೀಟರ್ ವೀಲ್‌ಬೇಸ್‌ನ (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ) ಈ ಪುಟ್ಟ ಕಾರಿನ ಹಿಂಭಾಗವನ್ನು 400 ಮಿಲಿಮೀಟರ್ ಎತ್ತಿದರೂ ಮುಂದೆ ಏರುವುದು ಸುಮಾರು 12-13 ಕೆಜಿ. ಎರಡು ಪ್ಯಾಡಿನಲ್ಲಿ ಅರ್ಧರ್ಧ ಕೆಜಿ ತಪ್ಪಿದರೆ ಚಕ್ರದ ನಡುಬಿಂದುವಿನಿಂದ ಮೇಲಕ್ಕೆ ಲೆಕ್ಕ ಹಾಕಿದ ಎತ್ತರದಲ್ಲಿ ಶೇಕಡಾ 8ರಷ್ಟು ಎಡವಟ್ಟು. ಸಸ್ಪೆನ್ಷನ್ ಅಲುಗದಂತೆ ಕಟ್ಟಿಹಾಕದಿದ್ದರೆ ಇನ್ನೂ ಹೆಚ್ಚು. ಈ ಸೌಲಭ್ಯ ನೋಡಿ ಕೊಳ್ಳುವ ನಿರ್ಧಾರ ಮಾಡಬೇಡಿ.

ಹಾಗೇ, ತಿರುಗುವ ಭಾರವನ್ನು ಯಾವ ಸ್ಕೇಲೂ ತೋರಿಸುವುದಿಲ್ಲ. ಟೈರಿನ ಅಂಚಿನಲ್ಲಿರುವ 1 ಕೆಜಿ ವೇಗ ಹೆಚ್ಚಿಸುವಾಗ ಹತ್ತಿರ ಹತ್ತಿರ 2 ಕೆಜಿಯಷ್ಟು ಶಕ್ತಿ ಕೇಳುತ್ತದೆ, ಯಾಕೆಂದರೆ ಅದು ಮುಂದಕ್ಕೆ ಹೋಗಬೇಕು, ಸುತ್ತಲೂ ಬೇಕು. ಹಾಗಾಗಿ ವೀಲ್ ಮತ್ತು ಟೈರ್ ಜೋಡಿಯನ್ನು ಯಾವಾಗಲೂ ಬಿಡಿಯಾಗಿ ತೂಗಿ. ಹಗುರ ವೀಲ್ ಕೊಂಡು ಅಗಲದ ಭಾರಿ ಟೈರ್ ಹಾಕಿದರೆ ಉಳಿಸಿದ್ದೆಲ್ಲ ಅಂಚಿಗೇ ವಾಪಸ್ ಹೋಗುತ್ತದೆ.

ಪ್ಯಾಡುಗಳ ಗುಣಮಟ್ಟಕ್ಕೆ ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಆ್ಯಪ್‌ಗೆ ಎರಡೂವರೆ, ಡಬ್ಬದಲ್ಲಿ ಕೊಡುವ ಸಾಮಾನಿಗೆ ಎರಡು. ಕಾಯಿಲ್‌ಓವರ್ ಇದ್ದು, ಟೈರು, ಎತ್ತರ, ಸೀಟು ಬದಲಿಸುತ್ತಲೇ ಇರುವವರು ಇಬ್ಬರು ಮೂವರು ಸೇರಿ ಒಂದು ಸೆಟ್ ಕೊಂಡರೆ ಚೆನ್ನಾಗಿ ಬಳಕೆಯಾಗುತ್ತದೆ. ಕಾರು ಕಂಪನಿ ಸ್ಪ್ರಿಂಗ್‌ನಲ್ಲೇ ಇದ್ದರೆ ತೂಗಿ ನೋಡಬಹುದು ಅಷ್ಟೇ, ತಿರುಗಿಸಿ ಸರಿ ಮಾಡಲು ಏನೂ ಇರುವುದಿಲ್ಲ. ಅಂಥವರು ಕಾರ್ನರ್ ವೇಟ್ ಮಾಡಿಕೊಡುವ ಗ್ಯಾರೇಜಿಗೆ ಒಮ್ಮೆ ಒಯ್ದರೆ ಸಾಕು. ಹೋದಾಗ ಚಾಲಕನ ಸೀಟಿನಲ್ಲಿ ನೀವೇ ಕೂತಿರಿ, ನಾಲ್ಕೂ ಚಕ್ರದ ಸಂಖ್ಯೆಯನ್ನು ಪೆಟ್ರೋಲ್ ಮಟ್ಟದ ಜೊತೆ ಬರೆಸಿಕೊಳ್ಳಿ.