ಟ್ರಾನ್ಸ್‌ಕ್ರೈಬ್ ಸಾಫ್ಟ್‌ವೇರ್: ಫಾಸ್ಟ್ ಗಿಟಾರ್ ಸೋಲೋ ಕಲಿಯೋರಿಗೆ, ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ಅಭಿಪ್ರಾಯ

ಸೆವೆಂತ್ ಸ್ಟ್ರಿಂಗ್ ಅವರ ಟ್ರಾನ್ಸ್‌ಕ್ರೈಬ್‌ನ (ಹಾಡನ್ನ ನಿಧಾನ ಮಾಡಿ, ಬೇಕಾದ ತುಣುಕನ್ನ ಮತ್ತೆ ಮತ್ತೆ ಕೇಳಿಸೋ ಸಾಫ್ಟ್‌ವೇರ್) ವರ್ಷಗಳಿಂದ ಬಳಸ್ತಾ ಇದೀನಿ. ಯಾರಾದ್ರೂ ಕೇಳಿದ್ರೆ ನಾನು ಹೇಳೋದು ಇಷ್ಟೇ, ಇದು ಸ್ಪೀಡ್ ಕಮ್ಮಿ ಮಾಡೋದು ದೊಡ್ಡ ವಿಷಯ ಅಲ್ಲ, ಬಾರಿಸಿದವರ ಕೈ ಏನು ಮಾಡ್ತಿದೆ ಅಂತ ಕಿವಿಗೆ ಗೊತ್ತಾಗೋ ಹಾಗೆ ಮಾಡುತ್ತಲ್ಲ, ಅದು ದೊಡ್ಡದು.

160 ಬಿಪಿಎಂ (ನಿಮಿಷಕ್ಕೆ 160 ಬೀಟ್) ಹಾಡಲ್ಲಿ ಸಿಕ್ಸ್‌ಟೀನ್ತ್ ನೋಟ್ಸ್, ಅಂದ್ರೆ ಬೀಟಿಗೆ ನಾಲ್ಕು ಸ್ವರ ಬಂದ್ರೆ ಸೆಕೆಂಡಿಗೆ 10ಕ್ಕಿಂತ ಜಾಸ್ತಿ ಸ್ವರ, ಅಷ್ಟನ್ನ ಒಂದೊಂದಾಗಿ ಹಿಡಿಯೋದು ಎಂಥಾ ಕಿವಿಗೂ ಕಷ್ಟ. 50%ಗೆ ಇಳಿಸಿದ್ರೆ 5 ಚಿಲ್ಲರೆ ಆಗುತ್ತೆ, ಆಗ ಹಿಡೀಬಹುದು. ಟೇಪ್ ಕಾಲದಲ್ಲಿ ಅರ್ಧ ಸ್ಪೀಡಲ್ಲಿ ಓಡಿಸಿದ್ರೆ ಶ್ರುತಿನೂ ಒಂದು ಆಕ್ಟೇವ್ ಕೆಳಗೆ ಬೀಳ್ತಿತ್ತು, ಇದರಲ್ಲಿ ಶ್ರುತಿ ಇದ್ದಲ್ಲೇ ಇರುತ್ತೆ.

ಎಷ್ಟೋ ಟ್ಯಾಬ್‌ಗಳಲ್ಲಿ (ಗಿಟಾರ್‌ಗೆ ನಂಬರಲ್ಲಿ ಬರೆಯೋ ನೋಟೇಶನ್) ಬರೀ ಫ್ರೆಟ್ ನಂಬರ್ ಇರುತ್ತೆ, ಯಾವ ಸ್ವರಕ್ಕೆ ಪಿಕ್ ಬಿತ್ತು ಅನ್ನೋದು ಇರಲ್ಲ. ಎರಡು ತಂತಿ ಮೇಲೆ ಆರಾರು ಸ್ವರದ ಲಿಕ್ (ಸೋಲೋದ ಸಣ್ಣ ತುಣುಕು) ಒಂದನ್ನ ತಗೊಂಡು ಒಂದೇ ಬೀಟ್ ಲೂಪ್ ಮಾಡಿ, 60%ನಲ್ಲಿ ಕೇಳಿ ನೋಡಿ. ಪಿಕ್ ಬಿದ್ದ ಸ್ವರಕ್ಕೆ ಶುರುವಲ್ಲಿ ಸಣ್ಣದೊಂದು ಟಿಕ್ ಇರುತ್ತೆ, ಹ್ಯಾಮರ್ ಆನ್ ಪುಲ್ ಆಫ್‌ನಲ್ಲಿ, ಅಂದ್ರೆ ಪಿಕ್ ಇಲ್ಲದೆ ಎಡಗೈ ಬೆರಳಿಂದಲೇ ಬಂದ ಸ್ವರ ಮೆತ್ತಗೆ ಶುರುವಾಗುತ್ತೆ. ಆರರಲ್ಲಿ ಎರಡೇ ಪಿಕ್ ಅಂತ ಗೊತ್ತಾದ ಕ್ಷಣ ಬಲಗೈ ಕೆಲಸ ಎಷ್ಟು ಹಗುರ ಆಗುತ್ತೆ ಅಂದ್ರೆ, ಅದಕ್ಕೆ ಮುಂಚೆ ಆಗೋದೇ ಇಲ್ಲ ಅನ್ನಿಸ್ತಿದ್ದ ಸ್ಪೀಡು ಕೈಗೆ ಬರೋಕೆ ಶುರುವಾಗುತ್ತೆ.

ತಂತಿ ಯಾವುದು ಅನ್ನೋದು ಇನ್ನೊಂದು. ಎಲ್ಲಕ್ಕಿಂತ ತೆಳು ಇ ತಂತಿಯ ಓಪನ್ ಸ್ವರ ಬಿ ತಂತಿಯ 5ನೇ ಫ್ರೆಟ್‌ನಲ್ಲೂ ಸಿಗುತ್ತೆ, ಜಿ ತಂತಿಯ 9ರಲ್ಲೂ, ಡಿ ತಂತಿಯ 14ರಲ್ಲೂ ಸಿಗುತ್ತೆ. ಸ್ಕ್ರೀನ್ ಕೆಳಗಡೆ ಪಿಯಾನೋ ಕೀಗಳ ಮೇಲೆ ಟ್ರಾನ್ಸ್‌ಕ್ರೈಬ್ ತೋರಿಸೋ ಸ್ಪೆಕ್ಟ್ರಂ ಗ್ರಾಫ್ ಸ್ವರ ಯಾವುದು ಅಂತ ಹೇಳುತ್ತೆ, ತಂತಿ ಯಾವುದು ಅಂತ ಹೇಳಲ್ಲ. ಅದಕ್ಕೆ ಸ್ಲೈಡ್ ಎಲ್ಲಿಂದ ಎಲ್ಲಿಗೆ ಹೋಯ್ತು, ಹಿಂದಿನ ಸ್ವರ ಇನ್ನೂ ಮೊಳಗ್ತಾ ಇದೆಯಾ ಅಂತ ಕೇಳ್ಬೇಕು, ನಿಧಾನ ಮಾಡಿದಾಗ ಅದು ಕೇಳ್ಸುತ್ತೆ.

ಹಾಗಂತ ಎಷ್ಟು ನಿಧಾನ ಮಾಡಿದ್ರೆ ಅಷ್ಟು ಒಳ್ಳೇದು ಅಂದ್ಕೋಬೇಡಿ. 40%ಗಿಂತ ಕೆಳಗೆ ಹೋದ್ರೆ ಪಿಕ್ ಏಟೇ ಮಸುಕಾಗುತ್ತೆ, ಡ್ರಮ್ ಹರಡಿಕೊಳ್ಳುತ್ತೆ. ಶ್ರುತಿ ಹಾಗೇ ಇಟ್ಟು ಕಾಲ ಮಾತ್ರ ಎಳೆಯೋ ಯಾವ ಸಾಫ್ಟ್‌ವೇರ್ ಆದ್ರೂ ಇದೇ ಕಥೆ. ಡಿಲೇ ಹಾಕಿದ ಸೋಲೋ ಆದ್ರೆ ಪ್ರತಿಧ್ವನಿನೂ ಎಳೆದಂಗಾಗಿ ಇಲ್ಲದ ಸ್ವರಗಳು ಇದ್ದ ಹಾಗೆ ಕೇಳ್ಸುತ್ತೆ. ವೈಬ್ರಾಟೋನಂತೂ ನಿಧಾನದಲ್ಲಿ ಕಲೀಲೇಬೇಡಿ, ಸೆಕೆಂಡಿಗೆ ಆರು ಸಲ ಅಲುಗೋದು ಅರ್ಧ ಸ್ಪೀಡಲ್ಲಿ ಮೂರೇ ಸಲ ಆಗುತ್ತೆ, ಅದನ್ನ ಕಾಪಿ ಮಾಡಿದ್ರೆ ಕೈಗೆ ಕೆಟ್ಟ ಅಭ್ಯಾಸ. ನಾನು 60-70%ನಲ್ಲಿ ಕೇಳಿ ಬರ್ಕೊಂಡು, ಆಮೇಲೆ ಐದೈದು ಪರ್ಸೆಂಟ್ ಏರಿಸ್ತಾ ಹೋಗ್ತೀನಿ, ವೈಬ್ರಾಟೋ ಮಾತ್ರ ಫುಲ್ ಸ್ಪೀಡಲ್ಲೇ.

ಹಾಡು ಓಡ್ತಿರುವಾಗ್ಲೇ ಎಂ ಒತ್ತಿದ್ರೆ ಬಾರ್‌ಗೆ, ಬಿ ಒತ್ತಿದ್ರೆ ಬೀಟ್‌ಗೆ ಮಾರ್ಕರ್ ಬೀಳುತ್ತೆ, ಇದನ್ನ ಮೊದಲೇ ಕೂತು ಹಾಕ್ಕೊಳ್ಳಿ, ಆಮೇಲೆ ಲೂಪ್ ಮಾಡೋದು ತುಂಬಾ ಸಲೀಸು. ರಿದಮ್ ಗಿಟಾರ್ ಒಂದು ಕಡೆ ಇದ್ರೆ ಇನ್ನೊಂದು ಚಾನೆಲ್ ಮಾತ್ರ ಕೇಳ್ಬಹುದು. ಕ್ಯಾರಿಯೋಕಿ ಆಪ್ಷನ್ ಹುಷಾರು, ಅದು ಮಧ್ಯದಲ್ಲಿರೋದನ್ನ ತೆಗೆದುಹಾಕುತ್ತೆ, ಬಹಳ ಹಾಡಲ್ಲಿ ಸೋಲೋ ಇರೋದೇ ಮಧ್ಯದಲ್ಲಿ. ಗಿಟಾರ್ ಅರ್ಧ ಸ್ವರ ಇಳಿಸಿ ಬಾರಿಸಿರೋ ಹಾಡಾದ್ರೆ ಇಲ್ಲಿ ಶ್ರುತಿ ಒಂದು ಸೆಮಿಟೋನ್ ಏರಿಸಿಬಿಡಿ, ನಿಮ್ಮ ಗಿಟಾರ್ ಮುಟ್ಟೋದೇ ಬೇಡ. ಹಳೇ ರೆಕಾರ್ಡಿಂಗ್ ಎರಡು ಕೀಗಳ ಮಧ್ಯೆ ಎಲ್ಲೋ ಕೂತಿದ್ರೂ ಸೆಂಟ್ (ಸೆಮಿಟೋನಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಸರಿಮಾಡ್ಕೋಬಹುದು.

ನೋಟ್, ಕಾರ್ಡ್ ಊಹೆ ಮಾಡೋ ಫೀಚರ್ ಇದೆ, ಮಾಡಿದವರೇ ಅದನ್ನ ಊಹೆ ಅಂತಾನೇ ಕರೆದಿದಾರೆ, ಫುಲ್ ಬ್ಯಾಂಡ್ ಬಾರಿಸ್ತಿರುವಾಗ ಅದರ ಮೇಲೆ ಭಾರ ಹಾಕ್ಬೇಡಿ. ಟ್ಯಾಬ್ ತಾನಾಗೇ ಬರೆದು ಕೊಡಲಿ ಅನ್ನೋರಿಗೆ ಇದು ಅಲ್ಲ. ಫೋನಲ್ಲೇ ಕಲಿಯೋರಿಗೂ ಅಲ್ಲ, ಇದು ವಿಂಡೋಸ್, ಮ್ಯಾಕ್, ಲಿನಕ್ಸ್ ಕಂಪ್ಯೂಟರ್‌ಗೆ ಮಾಡಿರೋದು, ಐಫೋನಲ್ಲಾದ್ರೆ ಎನಿಟ್ಯೂನ್ ಆ್ಯಪ್ ನೋಡಿ. ಅಪರೂಪಕ್ಕೆ ಒಂದು ಹಾಡು ಕಲಿಯೋದಾದ್ರೆ ಆಡಾಸಿಟಿ ಅನ್ನೋ ಆಡಿಯೋ ಎಡಿಟರ್ ಫ್ರೀಯಾಗಿ ಸಿಗುತ್ತೆ, ಸಾಕು.

ಲೈಸೆನ್ಸ್ ಒಂದೇ ಸಲ ತಗೊಳ್ಳೋದು, ತಿಂಗಳ ಬಾಡಿಗೆ ಇಲ್ಲ, ಈಗಿನ ಕಾಲದಲ್ಲಿ ನನಗೆ ಅದು ದೊಡ್ಡ ಸಮಾಧಾನ. 30 ದಿನ ಟ್ರಯಲ್ ಕೊಡ್ತಾರೆ. ಆ ದಿನಗಳಲ್ಲಿ ಹತ್ತು ಹಾಡು ತೆಗೆದು ನೋಡೋ ಬದಲು ಒಂದೇ ಸೋಲೋ ಹಿಡೀರಿ, ಕಮ್ಮಿ ಬಿಟ್‌ರೇಟ್ ಎಂಪಿ3 ಬೇಡ, ನಿಧಾನ ಮಾಡಿದ್ರೆ ಅದರ ಕರಕರ ಎಲ್ಲಾ ಮೇಲೆ ಬರುತ್ತೆ, ಎಫ್‌ಎಲ್‌ಎಸಿ ಅಥವಾ ಡಬ್ಲ್ಯೂಎವಿ ಫೈಲೇ ಹಾಕಿ, ಹೆಡ್‌ಫೋನಲ್ಲೇ ಕೇಳಿ.