ಹೋಲ್ಬೈನನ ‘ರಾಯಭಾರಿಗಳು’: ಕಾಸರಗೋಡಿನಲ್ಲಿ ಮಾಡಿಸಿದ ಪ್ರಿಂಟ್ ಹೇಗಿದೆ?

ಕಾಸರಗೋಡು ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್, ಫೋಟೋ, ಫ್ರೇಮ್ ಎಲ್ಲ ಮಾಡಿಕೊಡುವ ಸಣ್ಣ ಅಂಗಡಿಯೊಂದಿದೆ. ನಮ್ಮ ಶಾಲೆಯ ಚಿತ್ರಕಲೆಯ ಕೋಣೆಗೆ ಜರ್ಮನ್ ಚಿತ್ರಕಾರ ಹಾನ್ಸ್ ಹೋಲ್ಬೈನ್ 1533ರಲ್ಲಿ ಬರೆದ ‘ರಾಯಭಾರಿಗಳು’ ಚಿತ್ರದ ಮೂರಡಿ ಪ್ರಿಂಟ್ ಅಲ್ಲಿ ಮಾಡಿಸಿದೆ. ಕ್ಯಾನ್ವಾಸ್, ಫ್ರೇಮ್ ಸೇರಿ 3,200 ರೂಪಾಯಿ. ಕೊಟ್ಟ ಹಣಕ್ಕೆ ಒಳ್ಳೆಯ ಕೆಲಸ.

ಈ ಚಿತ್ರದ ಪ್ರಿಂಟ್ ನೋಡುವಾಗ ಮೊದಲು ಅಂಚು ನೋಡಬೇಕು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಮೂಲಚಿತ್ರ ಓಕ್ ಹಲಗೆಯ ಮೇಲೆ ಬರೆದದ್ದು. ಅಳತೆ 207 × 209.5 ಸೆಂಟಿಮೀಟರ್, ಹೆಚ್ಚುಕಡಿಮೆ ಚೌಕ. ಅಂಗಡಿಯ ಮಾಮೂಲಿ ಅಳತೆ ಎರಡಕ್ಕೆ ಮೂರಡಿ. ಅದಕ್ಕೆ ಹೊಂದಿಸಲು ಹೋದರೆ ಬದಿ ಕತ್ತರಿಸಬೇಕಾಗುತ್ತದೆ. ಎಡಗಡೆ ಮೇಲಿನ ಮೂಲೆಯಲ್ಲಿ, ಹಸಿರು ಪರದೆಯ ಅಂಚಿನಲ್ಲಿ, ಶಿಲುಬೆಯ ಮೇಲಿನ ಯೇಸು ಅರ್ಧ ಮಾತ್ರ ಕಾಣುತ್ತಾನೆ. ಸ್ವಲ್ಪ ಕತ್ತರಿಸಿದರೂ ಅದು ಹೋಯಿತು. ಹಾಗಾಗಿ ಚೌಕವೇ ಬೇಕು ಅಂದೆ. ಅಂಗಡಿಯವರು ಬೇಸರಿಸದೆ ಒಪ್ಪಿದರು.

ಆ ಶಿಲುಬೆ ಯಾಕೆ ಅಷ್ಟು ಮುಖ್ಯ ಅಂದರೆ, ಚಿತ್ರದ ಕಾಲವೇ ಅಂಥದ್ದು. ಎಡಗಡೆ ನಿಂತವನು ಲಂಡನ್ನಿನಲ್ಲಿದ್ದ ಫ್ರೆಂಚ್ ರಾಯಭಾರಿ ಜಾನ್ ದ ದಾಂತ್‌ವೀಲ್. ಬಲಗಡೆಯವನು ಅವನ ಗೆಳೆಯ, ಫ್ರಾನ್ಸಿನ ಲಾವೂರ್ ಊರಿನ ಬಿಷಪ್ ಜಾರ್ಜ್ ದ ಸೆಲ್ವ್. ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ ರೋಮಿನ ಪೋಪ್ ಜೊತೆ ಸಂಬಂಧ ಕಡಿದುಕೊಳ್ಳುತ್ತಿದ್ದ ವರ್ಷಗಳು ಅವು. ಇಬ್ಬರ ನಡುವಿನ ಕೆಳಗಿನ ಕಪಾಟಿನಲ್ಲಿ ಒಂದು ಲ್ಯೂಟ್ ವಾದ್ಯ ಇದೆ, ಅದರ ಒಂದು ತಂತಿ ಕಡಿದಿದೆ. ಪಕ್ಕದಲ್ಲೇ, ರೋಮ್ ಚರ್ಚಿನಿಂದ ಬೇರೆಯಾದ ಲೂಥರ್ ಪಂಥದ ಹಾಡುಗಳ ಪುಸ್ತಕ ತೆರೆದಿದೆ. ಒಡೆಯುತ್ತಿದ್ದ ಚರ್ಚಿನ ಗುರುತು ಅದು ಎಂದು ಬಹಳ ಜನ ಓದುತ್ತಾರೆ. ನನಗೂ ಹಾಗೇ ಅನಿಸುತ್ತದೆ.

ಇನ್ನು ಕೆಳಗೆ, ಇಬ್ಬರ ಕಾಲಬುಡದಲ್ಲಿ, ಅಡಿಕೆ ಹಾಳೆ ಬಿದ್ದ ಹಾಗೆ ಓರೆಯಾಗಿ ಏನೋ ಚಾಚಿಕೊಂಡಿದೆ. ಕಂಪ್ಯೂಟರಿನಲ್ಲಿ ಕೂತಿದ್ದ ಹುಡುಗ ಅದನ್ನು ನೋಡಿ, “ಟೀಚರೇ, ಇದು ಎಂತದು? ಫೈಲ್ ಹಾಳಾಗಿದೆಯಾ? ತೆಗೀಲಾ?” ಅಂತ ಕೇಳಿದ. ಸ್ಕ್ರೀನಿನ ಬಲಬದಿಗೆ ಬಂದು ಓರೆಯಿಂದ ನೋಡು ಅಂದೆ. ನೋಡಿದವನು “ಅಯ್ಯೋ, ತಲೆಬುರುಡೆ!” ಅಂತ ಯಜಮಾನರನ್ನು ಕೂಗಿದ. ಎದುರಿನಿಂದ ರೇಷ್ಮೆ, ತುಪ್ಪಳ, ಭೂಗೋಳ, ವಿದ್ಯೆಯ ಸಲಕರಣೆ ಎಲ್ಲ ಕಾಣುತ್ತದೆ. ಬದಿಗೆ ಹೋದವರಿಗೆ ಮಾತ್ರ ಸಾವು ಕಾಣುತ್ತದೆ. ಆ ಸಾವಿನ ಆಚೆಗಿನ ಮಾತು ಮೇಲಿನ ಶಿಲುಬೆಯಲ್ಲಿದೆ. ಒಂದನ್ನು ಕತ್ತರಿಸಿ ಇನ್ನೊಂದನ್ನು ಉಳಿಸಿದರೆ ಚಿತ್ರ ಅರ್ಧವೇ ಅಲ್ವಾ?

ಬದಿಯಿಂದ ನೋಡುವ ಚಿತ್ರಕ್ಕೆ ಗಾಜು ಬೇಡ. ಟ್ಯೂಬ್‌ಲೈಟ್ ಹೊಳೆದು ಬುರುಡೆ ಕಾಣುವುದೇ ಇಲ್ಲ. ಹೊಳಪಿಲ್ಲದ ಕ್ಯಾನ್ವಾಸೇ ಸರಿ. ಹತ್ತಿರ ಹೋದರೆ ದಾಂತ್‌ವೀಲನ ಟೋಪಿಯ ಪದಕದಲ್ಲಿರುವ ಪುಟ್ಟ ಬುರುಡೆಯೂ ಸಿಗುತ್ತದೆ. ಅವನ ಕಠಾರಿಯ ಒರೆಯ ಮೇಲೆ ವಯಸ್ಸು 29 ಎಂದು ಬರೆದಿರುವುದು ಮಾತ್ರ ಮೂರಡಿಯಲ್ಲಿ ಕಷ್ಟ.

ಕೊರತೆಯೂ ಇದೆ. ಮೊದಲ ಪ್ರಿಂಟಿನಲ್ಲಿ ಹಸಿರು ಪರದೆ ಕಪ್ಪಾಗಿ ಬಂದು ಶಿಲುಬೆ ಮುಳುಗಿಹೋಗಿತ್ತು. ಹೇಳಿದ ಮೇಲೆ ದುಡ್ಡು ತೆಗೆದುಕೊಳ್ಳದೆ ಮತ್ತೆ ಮಾಡಿಕೊಟ್ಟರು, ಆದರೆ ಹೇಳಿದ ದಿನಕ್ಕಿಂತ ಒಂದು ವಾರ ತಡ. ಹಿಂದಿನ ಕೊಕ್ಕೆ ತೀರಾ ತೆಳು, ನಾನು ಬೇರೆ ಹಾಕಿಸಿದೆ. ಫ್ರೇಮ್ ಫೈಬರಿನದು. ಹಿಂದೆ ರಟ್ಟಿನ ಬದಲು ಸನ್‌ಬೋರ್ಡ್ (ಹಗುರ ಪ್ಲಾಸ್ಟಿಕ್ ಹಲಗೆ) ಹಾಕಿದ್ದಾರೆ. ನಮ್ಮ ಕಡೆಯ ಮಳೆಗೆ ರಟ್ಟು ಬೂಸ್ಟು ಹಿಡಿಯುತ್ತದೆ, ಆದ್ದರಿಂದ ಇದು ಒಳ್ಳೆಯದಾಯಿತು.

ಮಾಡಿಸುವವರು ಫೈಲನ್ನು ಪೆನ್‌ಡ್ರೈವಿನಲ್ಲೇ ಒಯ್ಯಿರಿ. ವಾಟ್ಸಾಪಿನಲ್ಲಿ ಫೋಟೋವಾಗಿ ಕಳಿಸಿದರೆ ಸಣ್ಣ ವಿವರ ಹೋಗುತ್ತದೆ. ಎಡ ಮೇಲಿನ ಮೂಲೆಯ ಸ್ಯಾಂಪಲ್ ಮೊದಲೇ ಕೇಳಿ. ತೂಗುಹಾಕುವಾಗ ಬಲಗಡೆ ಗೋಡೆ ಖಾಲಿ ಇರಲಿ, ಕಪಾಟು ಇಡಬೇಡಿ. ಮಕ್ಕಳು ಗೋಡೆಗೆ ಒರಗಿ ನಿಂತು ನೋಡಲು ಜಾಗ ಬೇಕು.