ಪುಕ್ಕಟೆ ಪಾಠ ಮೂರು ಕಡೆ, ದುಡ್ಡು ಕೊಟ್ಟು ಕೆಟ್ಟಿದ್ದು ಒಂದು ಕಡೆ

ಕಾಲೇಜಿನಲ್ಲಿ ಲೀನಿಯರ್ ಆಲ್ಜೀಬ್ರಾ (ಮ್ಯಾಟ್ರಿಕ್ಸ್, ವೆಕ್ಟರ್‌ಗಳ ಗಣಿತ) ಪಾಸಾಗಿದ್ದೆ, ಕಲಿತಿರಲಿಲ್ಲ. ಎರಡಕ್ಕೂ ಇರುವ ವ್ಯತ್ಯಾಸ ಗೊತ್ತಾಗಿದ್ದು ಕೆಲಸಕ್ಕೆ ಸೇರಿ ಹತ್ತು ವರ್ಷವಾದ ಮೇಲೆ. ಮೀಟಿಂಗಿನಲ್ಲಿ ಯಾರಾದರೂ ಆ ಗಣಿತದ್ದೇ ಪದವಾದ ‘ಐಗನ್‌ವ್ಯಾಲ್ಯೂ’ ಅಂದರೆ ಎಲ್ಲರ ಜೊತೆ ನಾನೂ ತಲೆಯಾಡಿಸುತ್ತಿದ್ದೆ. ಹಾಗೆ ಆಡಿಸಿ ಆಡಿಸಿ ಸಾಕಾಗಿ, ವಿಶ್ವವಿದ್ಯಾಲಯಗಳು ಪುಕ್ಕಟೆ ಹಂಚುತ್ತಿರುವ ಪಾಠಗಳನ್ನು ಹಿಡಿದು ಮೊದಲಿನಿಂದ ಕಲಿಯೋಣ ಅಂತ ಹೊರಟೆ. ಒಂದೂವರೆ ವರ್ಷ ಅಲ್ಲಿ ಇಲ್ಲಿ ಅಲೆದಿದ್ದರ ವರದಿ ಇದು. ನನ್ನ ಓಟು ಯಾರಿಗೆ ಅನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ: ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ತನ್ನ ಪಾಠಗಳನ್ನು ಪುಕ್ಕಟೆ ಇಟ್ಟಿರುವ ತಾಣವಾದ ಓಪನ್‌ಕೋರ್ಸ್‌ವೇರ್‌ಗೆ. ತಕ್ಕಡಿ ಹಿಡಿದು ತೂಗಿದ ವಿಮರ್ಶೆ ಬೇಕಿದ್ದವರಿಗೆ ಇಲ್ಲಿ ನಿರಾಸೆಯಾದೀತು.

ಹಾಗಂತ ನಾನು ಮೊದಲು ಹೋಗಿದ್ದು ಅಲ್ಲಿಗಲ್ಲ. ಒಮ್ಮೆ ಇಣುಕಿ ನೋಡಿ, ‘ಏನಿದು, ಬರೀ ಪಿಡಿಎಫ್ ರಾಶಿ’ ಅಂದುಕೊಂಡು ವಾಪಸು ಬಂದಿದ್ದೆ. ಹೋಗಿದ್ದು ಥಳಥಳ ಹೊಳೆಯುವ ಇನ್ನೊಂದು ತಾಣಕ್ಕೆ. 2012ರಲ್ಲಿ ಎಲ್ಲರ ಬಾಯಲ್ಲೂ ಇದ್ದ ಆನ್‌ಲೈನ್ ಕೋರ್ಸುಗಳ ಅಲೆಯ ನಂತರ ಹುಟ್ಟಿಕೊಂಡ ಹತ್ತಾರು ತಾಣಗಳಲ್ಲಿ ಅದೂ ಒಂದು. ಹೆಸರು ಬೇಡ. ದೊಡ್ಡ ವಿಶ್ವವಿದ್ಯಾಲಯದ ಲಾಂಛನವಿತ್ತು, ‘ಉಚಿತ’ ಅನ್ನುವ ಪದವಿತ್ತು, ನನಗೆ ಅಷ್ಟೇ ಸಾಕಾಯಿತು.

ಸೇರುವಾಗಲೇ ಎಚ್ಚರವಾಗಬೇಕಿತ್ತು. ದುಡ್ಡು ಕೊಟ್ಟು ಸೇರುವ ಗುಂಡಿ ಅಂಗೈ ಅಗಲ, ಬಣ್ಣ ಬೇರೆ. ಪುಕ್ಕಟೆ ಸೇರುವ ದಾರಿ ಅದರ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ಕನ್ನಡಕ ಹಾಕಿಕೊಂಡೇ ಹುಡುಕಬೇಕು. ಹುಡುಕಿ ಒಳಗೆ ಹೋದೆ. ಮೊದಲ ಎರಡು ವಾರ ಹಬ್ಬ. ಆರಾರು ನಿಮಿಷದ ವಿಡಿಯೋಗಳು, ಪ್ರತಿಯೊಂದರ ಕೊನೆಗೆ ಒಂದು ಪ್ರಶ್ನೆ, ಸರಿಯಾದರೆ ಹಸಿರು ಟಿಕ್. ವಿಡಿಯೋ ಪಕ್ಕದಲ್ಲೇ ಟಿಪ್ಪಣಿ ಬರೆದುಕೊಳ್ಳಲು ಒಂದು ಡಬ್ಬಿ. ನೋಟ್‌ಬುಕ್ಕಿನ ತಂಟೆಯೇ ಇಲ್ಲ ಅಂತ ಖುಷಿಪಟ್ಟು ನನಗೆ ಅರ್ಥವಾಗಿದ್ದನ್ನೆಲ್ಲ ಅದರಲ್ಲೇ ತುಂಬಿದೆ.

ಮೂರನೇ ವಾರ ಅಸೈನ್‌ಮೆಂಟ್ ಬಂತು. ಪ್ರಶ್ನೆ ಕಾಣುತ್ತದೆ, ಉತ್ತರ ಬರೆಯುವ ಜಾಗವೂ ಕಾಣುತ್ತದೆ. ಕಳಿಸಬೇಕಾದರೆ ಮಾತ್ರ ದುಡ್ಡು. ಇರಲಿ, ನಾನೇನು ಪರೀಕ್ಷೆ ಬರೆಯಬೇಕಾಗಿಲ್ಲ ಅಂತ ಮುಂದೆ ಹೋದೆ. ಅಷ್ಟರಲ್ಲಿ ಆಫೀಸಿನಲ್ಲಿ ಕೆಲಸ ಮೈಮೇಲೆ ಬಿತ್ತು, ಮೂರು ವಾರ ಆ ಕಡೆ ತಲೆ ಹಾಕಲಿಲ್ಲ. ಒಂದು ರಾತ್ರಿ ಬಿಡುವು ಮಾಡಿಕೊಂಡು ಹೋದರೆ ಬಾಗಿಲಿಗೆ ಬೀಗ. ‘ನಿಮ್ಮ ಪ್ರವೇಶದ ಅವಧಿ ಮುಗಿದಿದೆ.’ ಉಚಿತ ಅಂದರೆ ಇಂತಿಷ್ಟು ದಿನ ಉಚಿತ ಅನ್ನುವ ಮಾತು ಸೇರುವಾಗ ಎಲ್ಲೋ ಇತ್ತಂತೆ. ವಿಡಿಯೋ ಹೋಯಿತು ಅನ್ನುವುದಕ್ಕಿಂತ ಹೊಟ್ಟೆ ಉರಿಸಿದ್ದು ಟಿಪ್ಪಣಿ. ಆ ಡಬ್ಬಿ ಅವರದ್ದೇ ಇರಬಹುದು, ಒಳಗಿನ ಮಾತು ನನ್ನದು. ಅದೂ ಬೀಗದ ಒಳಗೇ ಉಳಿಯಿತು.

ಟಿಪ್ಪಣಿ ವಾಪಸು ಸಿಗಲಿ ಅಂತ ದುಡ್ಡು ಕಟ್ಟಿದೆ. ಇಡೀ ವ್ಯವಹಾರದಲ್ಲಿ ನಾನು ಮಾಡಿದ ದಡ್ಡತನ ಇದೊಂದೇ. ಕಟ್ಟಿದ ಮೇಲಾದರೂ ನೆಮ್ಮದಿಯೇ? ಪ್ರತಿ ವಾರಕ್ಕೆ ಗಡುವು, ತಪ್ಪಿದರೆ ನೆನಪೋಲೆ, ಅದಕ್ಕೂ ಜಗ್ಗದಿದ್ದರೆ ‘ನಿಮ್ಮ ಸಹಪಾಠಿಗಳು ಮುಂದೆ ಹೋಗುತ್ತಿದ್ದಾರೆ’ ಅಂತ ಚುಚ್ಚು ಮಾತು. ಕೊನೆಯ ವಾರ ಮೂರು ಜನರ ಉತ್ತರಪತ್ರಿಕೆ ನಾವು ತಿದ್ದಬೇಕು, ನಮ್ಮದನ್ನು ಇನ್ಯಾರೋ ತಿದ್ದಬೇಕು. ನನ್ನ ಪಾಲಿಗೆ ಬಂದ ಮೂರರಲ್ಲಿ ಒಂದು ಖಾಲಿ ಫೈಲು. ನನ್ನದನ್ನು ತಿದ್ದುವ ಪುಣ್ಯಾತ್ಮರಿಗಾಗಿ ಒಂಬತ್ತು ದಿನ ಕಾದೆ.

ಸರ್ಟಿಫಿಕೇಟು ಬಂತು, ಇಮೇಲಿನಲ್ಲಿ ಬಿದ್ದಿದೆ. ಅದಾದ ವಾರಕ್ಕೆ ಸಹೋದ್ಯೋಗಿಯೊಬ್ಬರು ‘ಈ ಮ್ಯಾಟ್ರಿಕ್ಸ್‌ಗೆ ಇನ್ವರ್ಸ್ ಯಾಕಿಲ್ಲ?’ ಅಂತ ಕೇಳಿದರು. (ಮ್ಯಾಟ್ರಿಕ್ಸ್ ಅಂದರೆ ಸಾಲುಸಾಲಾಗಿ ಜೋಡಿಸಿದ ಅಂಕಿಗಳು, ಇನ್ವರ್ಸ್ ಅಂದರೆ ಅದು ಮಾಡಿದ್ದನ್ನು ಹಿಂದಕ್ಕೆ ತಿರುಗಿಸುವ ಮ್ಯಾಟ್ರಿಕ್ಸ್.) ‘ಡಿಟರ್ಮಿನಂಟ್ (ಆ ಅಂಕಿಗಳಿಂದ ಲೆಕ್ಕ ಹಾಕುವ ಒಂದು ಸಂಖ್ಯೆ) ಸೊನ್ನೆ’ ಅಂದೆ. ‘ಸೊನ್ನೆಯಾದರೆ ಏನಾಯ್ತು?’ ಅಂದರು. ನಾನು ಮತ್ತೆ ತಲೆಯಾಡಿಸುವ ಹಂತಕ್ಕೆ ಬಂದಿದ್ದೆ. ನಾಲ್ಕು ಆಯ್ಕೆ, ಮೂರು ಅವಕಾಶ ಕೊಟ್ಟರೆ ಹಸಿರು ಟಿಕ್ ಬೀಳದೆ ಎಲ್ಲಿ ಹೋಗುತ್ತದೆ?

ಆಮೇಲೆ ಹೋದದ್ದು ಅದೇ ಪಿಡಿಎಫ್ ರಾಶಿಗೆ. ಎಂಐಟಿ ಓಪನ್‌ಕೋರ್ಸ್‌ವೇರ್ ಘೋಷಣೆಯಾಗಿದ್ದು 2001ರ ಏಪ್ರಿಲ್‌ನಲ್ಲಿ, ಚಾರ್ಲ್ಸ್ ವೆಸ್ಟ್ ಅಧ್ಯಕ್ಷರಾಗಿದ್ದಾಗ. ಇಂಟರ್‌ನೆಟ್ಟಿನಲ್ಲಿ ಪಾಠ ಮಾರಿ ಹಣ ಮಾಡುವ ಕನಸು ಎಲ್ಲರಿಗೂ ಇದ್ದ ಕಾಲ ಅದು. ಎಂಐಟಿಯ ಅಧ್ಯಾಪಕರ ಸಮಿತಿಯೂ ಆ ದಾರಿಯನ್ನೇ ಪರಿಶೀಲಿಸುತ್ತಾ ಕೂತು, ಕೊನೆಗೆ ‘ಮಾರುವುದು ಬೇಡ, ಹಂಚಿಬಿಡೋಣ’ ಅಂತ ಎದ್ದಿತು. 2002ರಲ್ಲಿ 50 ಕೋರ್ಸುಗಳಿಂದ ಶುರುವಾಗಿ, 2007ರ ಹೊತ್ತಿಗೆ ಹೆಚ್ಚುಕಮ್ಮಿ ಇಡೀ ಪಠ್ಯಕ್ರಮ, ಅಂದರೆ 1,800 ಕೋರ್ಸು, ಅಲ್ಲಿಗೆ ಬಂದಿತ್ತು. ಈಗ 2,500 ದಾಟಿದೆ. ಲಾಗಿನ್ ಇಲ್ಲ, ಗಡುವಿಲ್ಲ, ಸರ್ಟಿಫಿಕೇಟಿಲ್ಲ, ಅನುಮಾನ ಕೇಳಲು ಮೇಷ್ಟರೂ ಇಲ್ಲ. ಈ ‘ಇಲ್ಲ’ಗಳ ಪಟ್ಟಿ ನೋಡಿಯೇ ಮೊದಲ ಸಲ ಓಡಿಹೋಗಿದ್ದೆ. ಬೀಗ ಕಂಡು ಬಂದವನಿಗೆ ಈ ಸಲ ಅದೇ ಪಟ್ಟಿ ಅಮೃತದಂತೆ ಕಂಡಿತು.

ನಾನು ಹಿಡಿದದ್ದು 18.06, ಗಿಲ್ಬರ್ಟ್ ಸ್ಟ್ರಾಂಗ್ ಅವರ ಲೀನಿಯರ್ ಆಲ್ಜೀಬ್ರಾ. (ಅಲ್ಲಿ ಕೋರ್ಸಿಗೆ ಹೆಸರಿಗಿಂತ ನಂಬರೇ ಮುಖ್ಯ, 18 ಅಂದರೆ ಗಣಿತ, 8 ಅಂದರೆ ಭೌತಶಾಸ್ತ್ರ.) ವಿಡಿಯೋ 1999ರದ್ದು, ಚಿತ್ರ ಮಸುಕು. ಕಪ್ಪು ಹಲಗೆ, ಸೀಮೆಸುಣ್ಣ, ಅವಸರವಿಲ್ಲದ ಒಬ್ಬ ಮೇಷ್ಟರು. ಮೊದಲ ಪಾಠ ಎರಡೇ ಸಮೀಕರಣದಿಂದ ಶುರು: 2x − y = 0, −x + 2y = 3. ಎರಡು ಗೆರೆ ಎಳೆದು ಕೂಡುವ ಜಾಗ ಹುಡುಕುವುದು ಹೈಸ್ಕೂಲಿನಲ್ಲಿ ಎಲ್ಲರೂ ಮಾಡಿದ್ದೇ. ಅವರು ಅದನ್ನು ಮಾಡಿ ಮುಗಿಸಿ, ಅದೇ ಲೆಕ್ಕವನ್ನು ಅಡ್ಡಸಾಲಿನ ಬದಲು ಕಂಬಸಾಲಾಗಿ ಓದುತ್ತಾರೆ. x ಜೊತೆಗಿರುವ (2, −1) ಒಂದು ಬಾಣ, y ಜೊತೆಗಿರುವ (−1, 2) ಇನ್ನೊಂದು ಬಾಣ. ಮೊದಲನೆಯದನ್ನು ಎಷ್ಟು, ಎರಡನೆಯದನ್ನು ಎಷ್ಟು ಸೇರಿಸಿದರೆ (0, 3) ತಲುಪುತ್ತೇವೆ? ಮೊದಲನೆಯದು ಒಂದು, ಎರಡನೆಯದು ಎರಡು. ಕಾಗದದ ಮೇಲೆ ಬಾಣಗಳನ್ನು ಎಳೆದು ನೋಡಿದೆ, ತಲುಪಿತು. ಸಹೋದ್ಯೋಗಿಯ ಪ್ರಶ್ನೆಗೂ ಆ ಚಿತ್ರದಲ್ಲೇ ಉತ್ತರವಿತ್ತು: ಮ್ಯಾಟ್ರಿಕ್ಸಿನ ಕಂಬಸಾಲುಗಳಾದ ಬಾಣಗಳೆರಡೂ ಒಂದೇ ಗೆರೆಯ ಮೇಲೆ ಬಿದ್ದರೆ, ಏನೇ ಸೇರಿಸಿದರೂ ಆ ಗೆರೆ ಬಿಟ್ಟು ಆಚೆ ಹೋಗಲಾರೆವು. ಸಿಗದ ಜಾಗಗಳು ಉಳಿದುಬಿಡುತ್ತವೆ, ಇನ್ವರ್ಸ್ ಎಲ್ಲಿಂದ ಬರಬೇಕು? ಸರ್ಟಿಫಿಕೇಟು ಕೊಟ್ಟವರು ಹೇಳದ್ದು ಸೀಮೆಸುಣ್ಣದ ಎರಡು ಬಾಣದಲ್ಲಿತ್ತು.

ನಾನು ಈ ಕೋರ್ಸಿಗೆ ಪೂರ್ತಿ ಒಲಿದದ್ದು ಮಾತ್ರ ಒಂಬತ್ತು ಮತ್ತು ಹತ್ತನೇ ಪಾಠದ ನಡುವೆ. ಒಂಬತ್ತರಲ್ಲಿ ಸ್ಟ್ರಾಂಗ್ ಮೂರು ಆಯಾಮದ ಇಡೀ ಜಾಗವನ್ನು ತಲುಪಿಸುವ ಆಧಾರವಾಗಿ ಮೂರು ವೆಕ್ಟರ್ (ಅದೇ ಬಾಣಗಳು) ಬರೆಯುತ್ತಾರೆ: (1, 1, 2), (2, 2, 5), (3, 3, 8). ನಾನೂ ಶ್ರದ್ಧೆಯಿಂದ ಬರೆದುಕೊಂಡೆ. ಹತ್ತನೇ ಪಾಠ ಶುರುವಾಗುವುದೇ ಹಿಂದಿನ ದಿನದ ತಪ್ಪು ತಿದ್ದುವುದರಿಂದ. ಪ್ರತಿಯೊಂದರ ಮೊದಲೆರಡು ಅಂಕಿ ಒಂದೇ. ಮೂರನ್ನೂ ಕಂಬಸಾಲಾಗಿ ನಿಲ್ಲಿಸಿದರೆ ಮೇಲಿನ ಎರಡು ಅಡ್ಡಸಾಲು 1, 2, 3 ಮತ್ತು 1, 2, 3. ಎರಡು ಸಾಲು ಒಂದೇ ಆದ ಮೇಲೆ ಮೂರು ಆಯಾಮ ತುಂಬುವುದು ಹೇಗೆ? ತಪ್ಪು ಹಿಡಿದದ್ದು ತರಗತಿಯಲ್ಲಿದ್ದ ಒಬ್ಬ ವಿದ್ಯಾರ್ಥಿ. ಮೇಷ್ಟರು ತಪ್ಪಿರುವ ಹಲಗೆಯನ್ನು ಹಾಗೇ ಇಟ್ಟುಕೊಂಡು, ಅದನ್ನೇ ಹಿಡಿದು ಅಂದಿನ ಪಾಠಕ್ಕೆ ದಾಟುತ್ತಾರೆ. ಅಡ್ಡಸಾಲು ಮತ್ತು ಕಂಬಸಾಲುಗಳ ನಂಟೇ ಅಂದಿನ ವಿಷಯ. ಆರು ನಿಮಿಷದ ಸ್ಟುಡಿಯೋ ವಿಡಿಯೋದಲ್ಲಿ ಇಂಥದ್ದನ್ನು ಕತ್ತರಿಸಿ ಹಾಕಿರುತ್ತಿದ್ದರು. ಇಲ್ಲಿ ಎರಡು ದಶಕದಿಂದ ಹಾಗೇ ಇದೆ, ಮತ್ತು ನನ್ನ ನೋಟ್‌ಬುಕ್ಕಿನಲ್ಲೂ ಒಂದು ಗೀಟು ಹಾಕಿಕೊಂಡು ಇದೆ. ಸ್ಟ್ರಾಂಗ್ 2023ರ ಮೇ ತಿಂಗಳಲ್ಲಿ ಕೊನೆಯ ಪಾಠ ಮಾಡಿ ನಿವೃತ್ತರಾದರು.

ಬರೀ ವಿಡಿಯೋ ನೋಡಿ ಕೂರುವವರು 18.06ರ ಸ್ಕಾಲರ್ ಆವೃತ್ತಿಗೆ ಹೋಗುವುದು ಒಳ್ಳೆಯದು. ಪ್ರತಿ ಪಾಠಕ್ಕೂ ಸಾರಾಂಶ, ಲೆಕ್ಕ, ಬಿಡಿಸಿದ ಉತ್ತರ ಎಲ್ಲ ಪಕ್ಕಪಕ್ಕದಲ್ಲೇ ಜೋಡಿಸಿಟ್ಟಿದ್ದಾರೆ. ಎಲ್ಲ ಕೋರ್ಸಿಗೂ ಈ ಭಾಗ್ಯವಿಲ್ಲ: ಕೆಲವದರಲ್ಲಿ ಮೂವತ್ತು ಲೆಕ್ಚರ್ ಇದ್ದರೆ ಇನ್ನು ಕೆಲವದರಲ್ಲಿ ಪಾಠಪಟ್ಟಿ ಮತ್ತು ನಾಲ್ಕು ಪ್ರಶ್ನೆಪತ್ರಿಕೆ ಅಷ್ಟೇ. ಓದಬೇಕಾದ ಪುಸ್ತಕಗಳ ಹೆಸರಿರುತ್ತದೆ, ಪುಸ್ತಕ ಇರುವುದಿಲ್ಲ. ಪ್ರಕಾಶಕರ ಹಕ್ಕಿರುವುದನ್ನು ಕ್ರಿಯೇಟಿವ್ ಕಾಮನ್ಸ್ ಅನ್ನುವ ಮುಕ್ತ ಪರವಾನಗಿಯ ಅಡಿ ಹಂಚಲು ಬರುವುದಿಲ್ಲವಲ್ಲ. ಆದ್ದರಿಂದ ಕೋರ್ಸು ಆರಿಸುವ ಮೊದಲು ಒಳಗೆ ಏನೇನಿದೆ ಅಂತ ಒಮ್ಮೆ ಇಣುಕಿ. ಇಡೀ ಕೋರ್ಸನ್ನು ಒಂದೇ ಕಂತೆಯಾಗಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು ಅನ್ನುವುದು ನನಗೆ ಎಲ್ಲಕ್ಕಿಂತ ದೊಡ್ಡ ಸಮಾಧಾನ. ನನ್ನ ಕಂಪ್ಯೂಟರಿನಲ್ಲಿರುವುದಕ್ಕೆ ಯಾರು ಬೀಗ ಹಾಕುತ್ತಾರೆ?

ಯೇಲ್ ವಿಶ್ವವಿದ್ಯಾಲಯದ ಓಪನ್ ಯೇಲ್ ಕೋರ್ಸಸ್ 2007ರ ಡಿಸೆಂಬರ್‌ನಲ್ಲಿ ಶುರುವಾದದ್ದು. ಸುಮಾರು 40 ಕೋರ್ಸು, ಎಲ್ಲವೂ ಪ್ರವೇಶ ಮಟ್ಟದವು, ಪ್ರತಿಯೊಂದೂ ಪೂರ್ತಿ. ಅರ್ಧಂಬರ್ಧ ಅನ್ನುವುದೇ ಇಲ್ಲ. ನನಗೆ ಬೇಕಿದ್ದ ಗಣಿತವೂ ಅಲ್ಲಿಲ್ಲ, ಆದ್ದರಿಂದ ಇದನ್ನು ಸ್ಪರ್ಧಿ ಅನ್ನುವುದೇ ಅನ್ಯಾಯ. ಆದರೂ ಬಟ್ಟೆ ಮಡಚುತ್ತಾ ಬೆನ್ ಪೋಲಾಕ್ ಅವರ ಗೇಮ್ ಥಿಯರಿ ಪೂರ್ತಿ ಕೇಳಿದೆ. ಮೊದಲ ದಿನವೇ ಇಡೀ ತರಗತಿಗೆ ಚೀಟಿ ಹಂಚಿ, ‘ಆಲ್ಫಾ’ ಅಥವಾ ‘ಬೀಟಾ’ ಬರೆಯಿರಿ, ನಿಮ್ಮ ಗುರುತಿಲ್ಲದ ಜೊತೆಗಾರ ಏನು ಬರೆಯುತ್ತಾನೋ ಅದರ ಮೇಲೆ ನಿಮ್ಮ ಗ್ರೇಡು ಅಂತ ಆಟ ಕಟ್ಟುತ್ತಾರೆ. ಬಟ್ಟೆ ಕೈಯಲ್ಲೇ ಉಳಿಯಿತು. ಆಡಿಯೋ ಮಾತ್ರ ಇಳಿಸಿಕೊಳ್ಳಬಹುದು, ಮಾತಿನ ಪೂರ್ತಿ ಲಿಖಿತ ಪ್ರತಿ ಇದೆ. ಕಿವಿಗೆ ಯೇಲ್, ಪೆನ್ನಿಗೆ ಎಂಐಟಿ ಅಂತ ನಾನು ಪಾಲು ಮಾಡಿಕೊಂಡಿದ್ದೇನೆ.

ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ಓಪನ್‌ಲರ್ನ್ 2006ರದ್ದು. ಇದರ ಹದವೇ ಬೇರೆ. ಉಳಿದವರು ತರಗತಿಯಲ್ಲಿ ನಡೆದದ್ದನ್ನು ತಂದು ಹಾಕಿದರೆ, ಇವರು ಮೊದಲಿಂದಲೂ ದೂರದಲ್ಲಿ ಒಬ್ಬಂಟಿಯಾಗಿ ಓದುವವರಿಗೆಂದೇ ಪಾಠ ಬರೆದವರು. 1969ರಿಂದ ಅವರ ಕಸುಬೇ ಅದು. ಒಂದು ಪುಟ ವಿವರಣೆ, ಒಂದು ಲೆಕ್ಕ, ಒತ್ತಿದರೆ ತೆರೆಯುವ ಉತ್ತರ. ಎಷ್ಟು ಗಂಟೆಯ ಓದು, ಯಾವ ಮಟ್ಟ ಅನ್ನುವುದು ಮೊದಲ ಪುಟದಲ್ಲೇ ಇರುತ್ತದೆ. ಹದಿನೈದು ವರ್ಷ ಗಣಿತ ಮುಟ್ಟದವರು ಸ್ಟ್ರಾಂಗ್ ಹತ್ತಿರ ಹೋಗುವ ಮೊದಲು ಇಲ್ಲಿ ಒಂದು ತಿಂಗಳು ಕಳೆಯಬೇಕು. ನಾನು ವೆಕ್ಟರ್‌ಗಳನ್ನು ಮತ್ತೆ ಜ್ಞಾಪಿಸಿಕೊಂಡದ್ದು ಇಲ್ಲೇ. ಬೇಕಿದ್ದವರಿಗೆ ಭಾಗವಹಿಸಿದ್ದಕ್ಕೆ ಒಂದು ಚೀಟಿಯನ್ನೂ ಪುಕ್ಕಟೆ ಕೊಡುತ್ತಾರೆ. ಪಿಡಿಎಫ್, ವರ್ಡ್, ಇ-ಪಬ್ ಎಲ್ಲದರಲ್ಲೂ ಇಳಿಸಿಕೊಳ್ಳಬಹುದು. ಎರಡನೇ ಸ್ಥಾನ ಇದಕ್ಕೆ, ಅನುಮಾನವೇ ಇಲ್ಲ.

2003ರಲ್ಲಿ ಏಳು ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ಶುರು ಮಾಡಿದ ಪುಕ್ಕಟೆ ಪಾಠಗಳ ತಾಣ ಎನ್‌ಪಿಟಿಇಎಲ್ ಎಂಜಿನಿಯರಿಂಗ್ ಪಠ್ಯಕ್ರಮಕ್ಕೆ ಅಳತೆ ಕೊಟ್ಟು ಹೊಲಿಸಿದ ಅಂಗಿ. ಓದುತ್ತಿರುವ ವಿದ್ಯಾರ್ಥಿಯಾಗಿದ್ದರೆ ಮೊದಲು ಅಲ್ಲಿಗೇ ಹೋಗುತ್ತಿದ್ದೆ.

ಗಡುವಿನ ತಾಣಗಳನ್ನು ಪೂರ್ತಿ ಬೈದರೆ ಪಾಪ ಬರುತ್ತದೆ, ಅವುಗಳಿಂದ ಬಾಳು ಬದಲಾದವರನ್ನು ನೋಡಿದ್ದೇನೆ. ಕೆಲಸ ಹುಡುಕುತ್ತಿರುವವರಿಗೆ ಸರ್ಟಿಫಿಕೇಟು ಬೇಕಾಗಬಹುದು. ಬೆನ್ನ ಹಿಂದೆ ಯಾರೋ ನಿಂತಿದ್ದರೆ ಮಾತ್ರ ಓದುವ ಜಾತಿಯವರಿದ್ದಾರೆ, ಅವರಿಗೆ ಆ ನೆನಪೋಲೆಗಳೇ ಊರುಗೋಲು. ಅಲ್ಲಿ ಕೂಡ ಅರ್ಧದಲ್ಲಿ ಬಿಡುವವರೇ ಹೆಚ್ಚು: ಎಂಐಟಿಯೇ 2012ರಲ್ಲಿ ಗಡುವಿಟ್ಟು ನಡೆಸಿದ ಮೊದಲ ಆನ್‌ಲೈನ್ ಕೋರ್ಸಿಗೆ, ಸರ್ಕಿಟ್ಟುಗಳ ಕುರಿತಾದದ್ದು, ಸುಮಾರು 1,55,000 ಜನ ಹೆಸರು ಕೊಟ್ಟಿದ್ದರು, ಪಾಸಾದವರು 7,000ದ ಆಸುಪಾಸು. ಅದನ್ನು ಓದಿದಾಗ ಯಾಕೋ ನನಗೆ ಸ್ವಲ್ಪ ಹಾಯೆನಿಸಿತು.

ನಾನು ಓದುವುದು ರಾತ್ರಿ ಹತ್ತರ ಮೇಲೆ ಅರ್ಧ ಗಂಟೆ. ವಾರಕ್ಕೆ ಮೂರು ದಿನ ಅಂತ ಲೆಕ್ಕ, ನಡೆಯುವುದು ಒಂದು. ಒಮ್ಮೊಮ್ಮೆ ತಿಂಗಳೇ ಹೋಗುತ್ತದೆ. ಪಾಠಕ್ಕೆ ಇನ್ನು ದುಡ್ಡು ಕೊಡುವುದಿಲ್ಲ ಅಂತ ನಿರ್ಧರಿಸಿದ್ದೇನೆ; ಖರ್ಚು ಏನಿದ್ದರೂ ಪ್ರಿಂಟಿನ ಕಾಗದ ಮತ್ತು ಪೆನ್ಸಿಲ್ಲಿನದು. ಇಂಥ ಸೋಮಾರಿಗೆ ಕೋರ್ಸು ಬೇಡ, ಕಪಾಟು ಬೇಕು. ಓಪನ್‌ಕೋರ್ಸ್‌ವೇರ್ ಅಂಥ ಕಪಾಟು.

ಸದ್ಯ ಇಪ್ಪತ್ತೊಂದನೇ ಪಾಠದಲ್ಲಿದ್ದೇನೆ, ಐಗನ್‌ವ್ಯಾಲ್ಯೂ ಕೊನೆಗೂ ಬಂದಿದೆ. ವಿಡಿಯೋ ಹದಿನೆಂಟನೇ ನಿಮಿಷಕ್ಕೆ ನಿಂತು ಹನ್ನೊಂದು ದಿನವಾಯಿತು. ಯಾಕೆ ಅಂತ ಯಾರೂ ಇಮೇಲ್ ಕಳಿಸಿಲ್ಲ.